ಕಬ್ಬಿನ ಗರಿ ತಾಗಿದ ಕಣ್ಣಿಗೆ ಯಾವ ಡ್ರಾಪ್ಸ್?

ಮದ್ದೂರು ತಾಲೂಕಿನ ಸೋಮನಹಳ್ಳಿ ಸುತ್ತಮುತ್ತ ಕಬ್ಬಿನ ತರಗು ಸುಲಿಯುವವರ ಮುಂಗೈ ನೋಡಿ. ಗೀರು ಬೀಳದ ಜಾಗ ಸಿಗುವುದು ಕಷ್ಟ. ಕಬ್ಬಿನ ಗರಿಯ ಅಂಚು ಗರಗಸದ ಹಾಗೆ. ಕೈಗೆ ಬಿದ್ದ ಗೀರು ನಾಲ್ಕು ದಿನಕ್ಕೆ ಮಾಯುತ್ತದೆ, ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಅದೇ ಗೀರು ಕಣ್ಣುಗುಡ್ಡೆಯ ಮೇಲೆ ಬಿದ್ದರೆ?

ಬಹಳ ಸಲ ಅದೂ ಮಾಯುತ್ತದೆ. ಮಾಯದೆ ಹೋದಾಗ ದೃಷ್ಟಿಯೇ ಹೋಗುತ್ತದೆ. ಇವೆರಡರ ನಡುವಿನ ವ್ಯತ್ಯಾಸ ಅನೇಕ ಸಲ ನಾವು ಮೊದಲ ಎರಡು ಮೂರು ದಿನ ಕಣ್ಣಿಗೆ ಏನು ಬಿಟ್ಟೆವು ಎನ್ನುವುದರ ಮೇಲೆ ನಿಂತಿರುತ್ತದೆ.

ನಮ್ಮ ಕಡೆ ಇದು ನಡೆಯುವ ರೀತಿ ಹೀಗೆ. ಗರಿ ತಾಗುತ್ತದೆ, ಇಲ್ಲವೇ ಭತ್ತ ತೂರುವಾಗ ಹೊಟ್ಟು ಹಾರಿ ಬೀಳುತ್ತದೆ. ಮೊದಲು ಪಂಚೆ ಚುಂಗಿನಿಂದ ಒರೆಸಿ, ಬಾಯಲ್ಲಿ ಊದಿಸಿಕೊಳ್ಳುತ್ತೇವೆ. ಸಂಜೆಗೆ ನಂದಿಬಟ್ಟಲು ಹೂವಿನ ರಸವೋ ಹರಳೆಣ್ಣೆಯೋ ಆಗುತ್ತದೆ. ಮೂರನೇ ದಿನ ಉರಿ ಹೆಚ್ಚಾದರೆ ಮೆಡಿಕಲ್ ಸ್ಟೋರಿನ ಮುಂದೆ ನಿಂತು, “ಕಣ್ ಕೆಂಪಾಗದೆ, ಏನಾರ ಬುಡಕ್ಕೆ ಕೊಡಣ್ಣ” ಅನ್ನುತ್ತೇವೆ. ಅವರು ಒಂದು ಬಾಟಲಿ ಕೊಡುತ್ತಾರೆ. ಬಿಟ್ಟ ಮಾರನೇ ದಿನವೇ ಕೆಂಪು ಇಳಿಯುತ್ತದೆ. “ಒಳ್ಳೇ ಔಷ್ದಿ” ಎಂದು ಸಮಾಧಾನ. ಹತ್ತು ದಿನ ಕಳೆಯುವಷ್ಟರಲ್ಲಿ ಕಪ್ಪುಗುಡ್ಡೆಯ ಮೇಲೆ ಬಿಳಿ ಚುಕ್ಕೆ ಕೂತಿರುತ್ತದೆ.

ಬೆಳೆಗೆ ಬರುವ ಬೂಸ್ಟೇ ಕಣ್ಣಿಗೂ

ಕಪ್ಪುಗುಡ್ಡೆಯ ಮುಂದೆ ಗಾಜಿನಂತಹ ಒಂದು ಪಟಲ ಇದೆ. ಅದೇ ಕಾರ್ನಿಯಾ. ದಪ್ಪ ಸುಮಾರು ಅರ್ಧ ಮಿಲಿಮೀಟರ್. ಅದರಲ್ಲಿ ರಕ್ತನಾಳ ಇಲ್ಲ, ಆದ್ದರಿಂದಲೇ ಅದು ಪಾರದರ್ಶಕ. ಮೇಲಿನ ತೆಳು ಪದರ ಗಟ್ಟಿಯಾಗಿರುವವರೆಗೆ ರೋಗಾಣುಗಳಿಗೆ ಒಳಗೆ ದಾರಿ ಇಲ್ಲ. ಗರಿ ಗೀರಿದಾಗ ದಾರಿ ಆಗುತ್ತದೆ. ಗರಿಯ ಮೇಲಿದ್ದ ಶಿಲೀಂಧ್ರದ ಬೀಜಕಣ ನೇರವಾಗಿ ಗಾಯದೊಳಗೇ ಬಿತ್ತನೆಯಾಗುತ್ತದೆ.

ದಕ್ಷಿಣ ಭಾರತದಲ್ಲಿ ಹೀಗೆ ಕಣ್ಣಿಗೆ ಬರುವ ಶಿಲೀಂಧ್ರಗಳಲ್ಲಿ ಮುಖ್ಯವಾದವು ಎರಡು: ಫ್ಯುಸೇರಿಯಂ ಮತ್ತು ಆಸ್ಪರ್ಜಿಲಸ್. ಫ್ಯುಸೇರಿಯಂ ಹೆಸರು ಕೃಷಿಕರಿಗೆ ಹೊಸದಲ್ಲ. ಬಾಳೆಗೆ ಪನಾಮಾ ಸೊರಗು ರೋಗ ತರುವುದು ಇದೇ ಕುಲದ ಶಿಲೀಂಧ್ರ. ಆಸ್ಪರ್ಜಿಲಸ್ ಅಂದರೆ ಒದ್ದೆ ಶೇಂಗಾ, ಜೋಳದ ಮೇಲೆ ಕಾಣುವ ಬೂಸ್ಟಿನ ಕುಲ. ಮಣ್ಣು, ತರಗು, ಹುಲ್ಲು ಎಲ್ಲಿ ನೋಡಿದರೂ ಇವು ಇವೆ.

ಇದು ಅಪರೂಪದ ರೋಗವೂ ಅಲ್ಲ. ಮದುರೈನ ಅರವಿಂದ್ ಕಣ್ಣಾಸ್ಪತ್ರೆಯಲ್ಲಿ 1994ರ ಮೊದಲ ಮೂರು ತಿಂಗಳಲ್ಲಿ ಕಾರ್ನಿಯಾ ಹುಣ್ಣಿನಿಂದ ಬಂದವರನ್ನು ಲೆಕ್ಕ ಹಾಕಿದರು. ಮೂರೇ ತಿಂಗಳಲ್ಲಿ 434 ಮಂದಿ. ಹೆಚ್ಚಿನವರು ಕಣ್ಣಿಗೆ ಪೆಟ್ಟು ಮಾಡಿಕೊಂಡು ಬಂದವರು. ರೋಗಾಣು ಪತ್ತೆಯಾದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಶಿಲೀಂಧ್ರ, ಉಳಿದವರಲ್ಲಿ ಬಹುಪಾಲಿಗೆ ಬ್ಯಾಕ್ಟೀರಿಯಾ. ಮದುರೈ ಜಿಲ್ಲೆಯಲ್ಲಿ ವರ್ಷಕ್ಕೆ ಲಕ್ಷ ಜನಕ್ಕೆ 113 ಮಂದಿಗೆ ಇಂತಹ ಹುಣ್ಣು ಬರುತ್ತದೆ ಎಂದು 1996ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಅಮೆರಿಕದ ಒಂದು ಜಿಲ್ಲೆಯ ಲೆಕ್ಕಕ್ಕೆ ಹೋಲಿಸಿದರೆ ಇದು ಹತ್ತು ಪಟ್ಟು. ಮದುರೈ ಸೀಮೆಯಂತೆಯೇ ನಮ್ಮ ಮಂಡ್ಯ, ಮದ್ದೂರು, ಮಳವಳ್ಳಿಯೂ ಭತ್ತ–ಕಬ್ಬಿನ ನಾಡೇ.

ಕೆಂಪು ಇಳಿಸುವ ಬಾಟಲಿಯ ಮೋಸ

ಕೆಂಪು ಒಂದೇ ದಿನಕ್ಕೆ ಇಳಿಸುವ ಡ್ರಾಪ್ಸಿನಲ್ಲಿ ಬಹಳ ಸಲ ಸ್ಟಿರಾಯ್ಡ್ ಇರುತ್ತದೆ. ಕಣ್ಣು ಕೆಂಪಾಗುವುದು ಶರೀರ ರೋಗಾಣುವಿನ ಜೊತೆ ಜಗಳಕ್ಕೆ ನಿಂತಿದೆ ಎಂಬುದರ ಗುರುತು. ಸ್ಟಿರಾಯ್ಡ್ ಆ ಜಗಳವನ್ನು ನಿಲ್ಲಿಸುತ್ತದೆ, ರೋಗಾಣುವನ್ನು ಕೊಲ್ಲುವುದಿಲ್ಲ. ಕಾವಲುಗಾರನನ್ನು ಮಲಗಿಸಿ ಹಟ್ಟಿ ಬಾಗಿಲು ತೆರೆದಿಟ್ಟ ಹಾಗೆ. ನೋವು, ಕೆಂಪು ಕಮ್ಮಿಯಾಗಿ ಹಾಯೆನಿಸುತ್ತಿರುವಾಗಲೇ ಶಿಲೀಂಧ್ರ ಒಳಗೆ ಬೇರು ಬಿಡುತ್ತಿರುತ್ತದೆ.

ಹಾಗೆಂದು ಸ್ಟಿರಾಯ್ಡ್ ಕೆಟ್ಟ ಔಷಧಿಯಲ್ಲ. ಕಣ್ಣಿನ ಆಪರೇಶನ್ ಆದಮೇಲೆ ವೈದ್ಯರೇ ಕೊಡುತ್ತಾರೆ. ಆದರೆ ಗರಿ, ಕಡ್ಡಿ, ಹೊಟ್ಟು ತಾಗಿದ ಕಣ್ಣಿಗೆ ಕೇಳದೆ ಬಿಡುವಂಥದ್ದಲ್ಲ. ಬಾಟಲಿ ಮೇಲೆ ಡೆಕ್ಸಾಮೆಥಸೋನ್, ಬೀಟಾಮೆಥಸೋನ್, ಪ್ರೆಡ್ನಿಸೊಲೋನ್, ಲೋಟೆಪ್ರೆಡ್ನಾಲ್, ಫ್ಲೋರೋಮೆಥೋಲೋನ್ ಇವುಗಳಲ್ಲಿ ಯಾವ ಹೆಸರಿದ್ದರೂ ಅದು ಸ್ಟಿರಾಯ್ಡ್. ಓದಲು ಬಾರದಿದ್ದರೆ ಹೈಸ್ಕೂಲಿಗೆ ಹೋಗುವ ಮಕ್ಕಳಿಂದ ಓದಿಸಿ. ಅಂಗಡಿಯವರನ್ನೇ ನೇರವಾಗಿ ಕೇಳಿ: “ಇದ್ರಲ್ಲಿ ಸ್ಟಿರಾಯ್ಡ್ ಇದ್ಯಾ?”

2023ರ ಮಳೆಗಾಲದಲ್ಲಿ ಕಣ್ಣು ಬೇನೆ ರಾಜ್ಯದಲ್ಲೆಲ್ಲ ಹರಡಿತ್ತು. ಆಗಿನಂತೆ ಮನೆಮನೆಗೂ ಬಂದ ಬಾಟಲಿ ಆಮೇಲೂ ಮಾಡದ ಗೂಡಿನಲ್ಲಿ ಉಳಿದುಬಿಡುವುದುಂಟು. ಅದನ್ನು ಗೀರಿದ ಕಣ್ಣಿಗೆ ಬಿಡಬೇಡಿ. ಕಣ್ಣು ಬೇನೆಯಲ್ಲಿ ಸಾಮಾನ್ಯವಾಗಿ ಎರಡೂ ಕಣ್ಣು ಕೆಂಪಾಗುತ್ತವೆ, ಪಿಸುರು ಬರುತ್ತದೆ, ಒರೆಸಿಕೊಂಡರೆ ನೋಟ ಸರಿ ಇರುತ್ತದೆ. ಹುಣ್ಣಾದಾಗ ಒಂದೇ ಕಣ್ಣು, ಚುಚ್ಚುವ ನೋವು, ಬೆಳಕು ನೋಡಲಾಗದು, ನೋಟ ಮಂಜು. ಕಪ್ಪಿನ ಮೇಲೆ ಬಿಳಿ ಚುಕ್ಕೆ ಕಂಡರಂತೂ ಒಂದು ದಿನವೂ ತಡೆಯಬಾರದು.

“ಹಾಗಾದ್ರೆ ಬೂಸ್ಟಿನ ಡ್ರಾಪ್ಸನ್ನೇ ಮೊದ್ಲೇ ಬಿಟ್ರೆ?”

ಈ ಪ್ರಶ್ನೆ ಸಹಜ. ಉತ್ತರ ನಮ್ಮ ಗದ್ದೆಯಲ್ಲೇ ಇದೆ. ಭತ್ತಕ್ಕೆ ಬೆಂಕಿ ರೋಗ ಬಂದರೂ ಗರಿ ಒಣಗುತ್ತದೆ, ದುಂಡಾಣು ಅಂಗಮಾರಿ ಬಂದರೂ ಗರಿ ಒಣಗುತ್ತದೆ. ಒಂದು ಶಿಲೀಂಧ್ರ, ಇನ್ನೊಂದು ಬ್ಯಾಕ್ಟೀರಿಯಾ. ಒಂದರ ಔಷಧಿ ಇನ್ನೊಂದಕ್ಕೆ ಹೊಡೆದರೆ ದುಡ್ಡೂ ಹೋಯಿತು, ಬೆಳೆಯೂ ಹೋಯಿತು. ಕಣ್ಣಿನಲ್ಲೂ ಅಷ್ಟೇ. ಬ್ಯಾಕ್ಟೀರಿಯಾ ಹುಣ್ಣಿಗೆ ಶಿಲೀಂಧ್ರದ ಡ್ರಾಪ್ಸ್ ಏನೂ ಮಾಡದು. ಕೆಲವು ಬ್ಯಾಕ್ಟೀರಿಯಾಗಳು ಎರಡೇ ದಿನದಲ್ಲಿ ಕಾರ್ನಿಯಾವನ್ನು ಕರಗಿಸಿಬಿಡುತ್ತವೆ. ವೈರಸ್ಸಿನಿಂದ, ಅಮೀಬಾದಿಂದ ಆಗುವ ಹುಣ್ಣುಗಳೂ ಇವೆ.

ಆದ್ದರಿಂದ ವೈದ್ಯರು ಮೊದಲು ಕಣ್ಣು ಮರಗಟ್ಟುವ ಹನಿ ಬಿಟ್ಟು ಹುಣ್ಣಿನ ಅಂಚಿನಿಂದ ಚೂರು ಕೆರೆದು ತೆಗೆಯುತ್ತಾರೆ. ಗಾಜಿನ ಪಟ್ಟಿಗೆ ಹಚ್ಚಿ, ಪೊಟ್ಯಾಶಿಯಂ ಹೈಡ್ರಾಕ್ಸೈಡ್ ಹನಿ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಶಿಲೀಂಧ್ರದ ಎಳೆಗಳು ಇದ್ದರೆ ಬಹಳ ಸಲ ಅಲ್ಲೇ ಕಾಣುತ್ತವೆ. ನಾವು ಮೊದಲೇ ಏನೇನೋ ಬಿಟ್ಟುಕೊಂಡು ಹೋದರೆ ಈ ಪರೀಕ್ಷೆಯಲ್ಲಿ ಏನೂ ಸಿಗದೆ ಹೋಗಬಹುದು. ಬಿಟ್ಟಿದ್ದರೆ ಆ ಬಾಟಲಿಯನ್ನೇ ಜೊತೆಗೆ ಒಯ್ದು ತೋರಿಸಿ. ಬೈಯುತ್ತಾರೆಂದು ಮುಚ್ಚಿಡಬೇಡಿ.

ಗಜಕರ್ಣಕ್ಕೆ ಹಚ್ಚುವ ಟ್ಯೂಬ್ ಮುಲಾಮು, ಕಿವಿಗೆ ಬಿಡುವ ಹನಿ “ಇದೂ ಫಂಗಸ್‌ಗೆ ತಾನೆ” ಎಂದು ಕಣ್ಣಿಗೆ ಬರಬಾರದು. ಕಣ್ಣಿನದೇ ಔಷಧಿ ಕಣ್ಣಿಗೆ.

ನಟಮೈಸಿನ್: ಮಣ್ಣಿನಿಂದ ಬಂದ ಮದ್ದು

ಶಿಲೀಂಧ್ರ ಖಾತ್ರಿಯಾದರೆ ಸಾಮಾನ್ಯವಾಗಿ ಮೊದಲು ಬರೆಯುವುದು ಶೇಕಡಾ 5ರ ನಟಮೈಸಿನ್ ಡ್ರಾಪ್ಸ್. ದಕ್ಷಿಣ ಆಫ್ರಿಕಾದ ನಟಾಲ್ ಪ್ರಾಂತ್ಯದ ಮಣ್ಣಿನಲ್ಲಿದ್ದ ಸೂಕ್ಷ್ಮಜೀವಿಯಿಂದ 1950ರ ದಶಕದಲ್ಲಿ ಇದನ್ನು ಪಡೆದರು. ಹೆಸರು ಬಂದದ್ದೂ ಆ ಊರಿನಿಂದಲೇ. ರೋಗ ತರುವುದೂ ಮಣ್ಣು, ಮದ್ದು ಕೊಟ್ಟದ್ದೂ ಮಣ್ಣು!

ಇದಕ್ಕಿಂತ ಹೊಸ ಔಷಧಿ ವೊರಿಕೊನಜೋಲ್. ಹೊಸದು ಹೆಚ್ಚು ಚೆನ್ನಾಗಿರಬೇಕಲ್ಲ? ಅರವಿಂದ್ ಆಸ್ಪತ್ರೆಗಳಲ್ಲಿ 323 ಮಂದಿಗೆ ಎರಡನ್ನೂ ಹಂಚಿ ಕೊಟ್ಟು ಹೋಲಿಸಿ ನೋಡಿದರು. 2013ರಲ್ಲಿ ಫಲಿತಾಂಶ ಬಂತು. ಗೆದ್ದದ್ದು ಹಳೆಯ ನಟಮೈಸಿನ್, ಅದರಲ್ಲೂ ಫ್ಯುಸೇರಿಯಂ ಹುಣ್ಣಿನಲ್ಲಿ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಇದನ್ನು ಅತ್ಯಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು.

ಇದಕ್ಕೊಂದು ಮಿತಿ ಇದೆ. ಕಾರ್ನಿಯಾದ ಆಳಕ್ಕೆ ಸರಿಯಾಗಿ ಇಳಿಯುವುದಿಲ್ಲ. ಹುಣ್ಣು ಮೇಲ್ಪದರದಲ್ಲಿ ಇರುವಾಗ ಕೆಲಸ ಮಾಡುವಷ್ಟು ಆಳಕ್ಕಿಳಿದ ಮೇಲೆ ಮಾಡುವುದಿಲ್ಲ. ಬೇಗ ಹೋಗಿ ಎನ್ನುವುದು ಇದಕ್ಕೇ. ತಡವಾದರೆ ಗುಡ್ಡೆ ತೂತು ಬೀಳಬಹುದು. ಆಗ ದಾನಿಗಳ ಕಾರ್ನಿಯಾ ಕೂರಿಸಬೇಕು. ಅಲ್ಲಿಗೂ ಶಿಲೀಂಧ್ರ ಮತ್ತೆ ಹತ್ತುವ ಭಯ ಇದ್ದದ್ದೇ.

ಬಿಡುವ ಕ್ರಮ

ಬಾಟಲಿ ಚೆನ್ನಾಗಿ ಕುಲುಕಿ. ನಟಮೈಸಿನ್ ನೀರಿನಲ್ಲಿ ಕರಗುವುದಿಲ್ಲ. ಬಿಳಿ ಪುಡಿ ತಳಕ್ಕೆ ಕೂರುತ್ತದೆ. ಸ್ಪ್ರೇ ಡಬ್ಬಿಯಲ್ಲಿ ಪೌಡರ್ ಔಷಧಿ ತಳ ಹಿಡಿದ ಹಾಗೆ. ಕುಲುಕದೆ ಬಿಟ್ಟರೆ ಬರೀ ನೀರು ಬಿಟ್ಟಂತೆ.

ಸೋಪು ಹಾಕಿ ಕೈ ತೊಳೆಯಿರಿ. ತಲೆ ಹಿಂದಕ್ಕೆ ಬಾಗಿಸಿ, ಕೆಳರೆಪ್ಪೆ ಮೆಲ್ಲಗೆ ಎಳೆದು, ಆ ಜೇಬಿನೊಳಗೆ ಒಂದೇ ಹನಿ. ಬಾಟಲಿಯ ಮೂತಿ ರೆಪ್ಪೆಗಾಗಲಿ ಬೆರಳಿಗಾಗಲಿ ತಾಗಬಾರದು. ಒಂದೆರಡು ನಿಮಿಷ ಕಣ್ಣು ಮುಚ್ಚಿರಿ. ಇನ್ನೊಂದು ಡ್ರಾಪ್ಸ್ ಬರೆದಿದ್ದರೆ ನಡುವೆ ಐದು ನಿಮಿಷ ಬಿಡಿ. ರೆಪ್ಪೆ ಅಂಚಿನಲ್ಲಿ ಬಿಳಿ ಪುಡಿ ಕೂತರೆ ಗಾಬರಿ ಬೇಡ, ಅದು ಔಷಧಿಯೇ. ಶುಚಿಯಾದ ಹತ್ತಿಯಿಂದ ಹೊರಗಷ್ಟೇ ಒರೆಸಿ.

ಮೊದಮೊದಲು ಗಂಟೆಗೊಮ್ಮೆ ಬಿಡಲು ಹೇಳುವುದು ರೂಢಿ. ಕೆಲವರಿಗೆ ರಾತ್ರಿಯೂ. ಆಮೇಲೆ ಎರಡು ಗಂಟೆಗೊಮ್ಮೆ. ವಾರಗಟ್ಟಲೆ, ಕೆಲವೊಮ್ಮೆ ತಿಂಗಳು ದಾಟಿ. ಲೆಕ್ಕ ಹಾಕಿ: ಒಂದು ಎಂ.ಎಲ್.ಗೆ ಸುಮಾರು 20 ಹನಿ. 5 ಎಂ.ಎಲ್. ಬಾಟಲಿಯಲ್ಲಿ 100 ಹನಿ. ಎಚ್ಚರವಿರುವ 16 ಗಂಟೆಗೆ 16 ಹನಿಯಾದರೆ ಆರು ದಿನಕ್ಕೆ ಬಾಟಲಿ ಖಾಲಿ. ಮುಗಿಯುವ ಮೊದಲೇ ಇನ್ನೊಂದು ತಂದಿಡಿ. ಹಳ್ಳಿ ಅಂಗಡಿಯಲ್ಲಿ ಇದು ಯಾವಾಗಲೂ ಸಿಗುತ್ತದೆ ಎನ್ನುವಂತಿಲ್ಲ.

ಇಷ್ಟು ಹನಿ ಒಬ್ಬರೇ ಬಿಟ್ಟುಕೊಳ್ಳುವುದು ಕಷ್ಟ. ಮನೆಯಲ್ಲಿ ಒಬ್ಬರು ಹೊಣೆ ಹೊರಬೇಕು. ಗೋಡೆಗೆ ಹಾಳೆ ಅಂಟಿಸಿ ಬಿಟ್ಟಾಗಲೆಲ್ಲ ಗೆರೆ ಎಳೆಯಿರಿ. ನಾಲೆ ನೀರಿನ ಸರದಿಗೆ ರಾತ್ರಿ ಎದ್ದು ಹೋಗುವ ನಮಗೆ ಇದೇನು ದೊಡ್ಡದಲ್ಲ.

ನೋವು ಹೋಯಿತೆಂದು ನಾವಾಗಿ ನಿಲ್ಲಿಸಬಾರದು. ಶಿಲೀಂಧ್ರ ನಿಧಾನ ಸಾಯುವ ಜಾತಿ. ವೈದ್ಯರು ಬಾ ಎಂದ ದಿನ ಹೋಗಲೇಬೇಕು. ನೋವು ಹೆಚ್ಚಾದರೆ, ನೋಟ ಇಳಿದರೆ ಆ ದಿನದವರೆಗೂ ಕಾಯಬೇಡಿ.

ಬಾಟಲಿಯನ್ನು ಬಿಸಿಲು, ಟ್ರ್ಯಾಕ್ಟರಿನ ಪೆಟ್ಟಿಗೆ, ಒಲೆಯ ಪಕ್ಕದಿಂದ ದೂರವಿಡಿ. ಫ್ರಿಜ್ಜಿನ ಬಾಗಿಲಲ್ಲಿ ಇಡಬಹುದು, ಐಸ್ ಕಟ್ಟುವ ಕಡೆ ಬೇಡ. ತೆರೆದ ದಿನಾಂಕ ಬರೆದಿಡಿ. ತಿಂಗಳಾದ ಮೇಲೆ ಉಳಿದದ್ದನ್ನು ಎಸೆಯಿರಿ. ಪಕ್ಕದ ಮನೆಯವರಿಗೆ ಕೊಡಬೇಡಿ.

ಹುಣ್ಣಿರುವ ಕಣ್ಣಿಗೆ ಬಿಗಿಯಾಗಿ ಬಟ್ಟೆ ಕಟ್ಟಬಾರದು. ಬೆಚ್ಚಗೆ ಮುಚ್ಚಿದರೆ ಬೂಸ್ಟಿಗೇ ಅನುಕೂಲ. ಕಪ್ಪು ಕನ್ನಡಕ ಸಾಕು.

ಗೀರಿದ ದಿನವೇ

ನೇಪಾಳದ ಭಕ್ತಪುರದಲ್ಲಿ 1990ರ ದಶಕದಲ್ಲಿ ಒಂದು ಪ್ರಯೋಗ ನಡೆಯಿತು. ಕಣ್ಣು ಗೀರಿಸಿಕೊಂಡವರಿಗೆ ಹಳ್ಳಿಯ ಆರೋಗ್ಯ ಕಾರ್ಯಕರ್ತರೇ ಕ್ಲೋರಾಂಫೆನಿಕಾಲ್ ಮುಲಾಮನ್ನು ಮೂರು ದಿನ ಹಚ್ಚಿದರು. 442 ಮಂದಿಯಲ್ಲಿ ಶೇಕಡಾ 96ರಷ್ಟು ಜನಕ್ಕೆ ಹುಣ್ಣಾಗದೆ ಮಾಯಿತು. 18 ಗಂಟೆಯೊಳಗೆ ಬಂದವರಲ್ಲಿ ಒಬ್ಬರಿಗೂ ಹುಣ್ಣಾಗಲಿಲ್ಲ. ಔಷಧಿ ಸಾಧಾರಣದ್ದು, ಗುಣ ಸಿಕ್ಕಿದ್ದು ಬೇಗ ಹೋದದ್ದರಿಂದ.

ಆದ್ದರಿಂದ ಗರಿ ತಾಗಿದ ದಿನವೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಚುಕ್ಕೆ ಕಂಡರೆ ಕಣ್ಣಿನ ವೈದ್ಯರೇ ಆಗಬೇಕು. ಮಂಡ್ಯದ ಮಿಮ್ಸ್ ಆಸ್ಪತ್ರೆ, ಮೈಸೂರಿನ ಕೆ.ಆರ್. ಆಸ್ಪತ್ರೆ, ಬೆಂಗಳೂರಿನ ಮಿಂಟೋ ಎಲ್ಲವೂ ಸೋಮನಹಳ್ಳಿಯಿಂದ ಒಂದು ಬಸ್ಸಿನ ದಾರಿ.

ಇನ್ನು ಗೀರೇ ಬೀಳದಂತೆ ನೋಡಿಕೊಳ್ಳುವುದು. ತರಗು ಸುಲಿಯುವಾಗ, ಒಕ್ಕಣೆಯಲ್ಲಿ, ಪಕ್ಕ ಮುಚ್ಚುವ ಪ್ಲಾಸ್ಟಿಕ್ ಕನ್ನಡಕ ಹಾಕಿ. ಬೆವರಿಗೆ ಮಂಜು ಕಟ್ಟುವುದು ನಿಜ. ಗಾಳಿಯಾಡುವ ತೂತುಗಳಿರುವುದನ್ನು ಆರಿಸಿ. ಕೂಲಿಗೆ ಬಂದವರಿಗೂ ಕೊಡಿ. ಹುರುಳಿ, ರಾಗಿ ರಸ್ತೆಗೆ ಹರಡುವುದನ್ನು ಬಿಟ್ಟರೆ ದಾರಿಹೋಕರ ಕಣ್ಣೂ ಉಳಿಯುತ್ತದೆ.

ನೆನಪಿರಲಿ

- ಕಸ ಬಿದ್ದರೆ ಉಜ್ಜಬೇಡಿ. ಶುದ್ಧ ನೀರಿನಿಂದ ತೊಳೆಯಿರಿ. ಚುಚ್ಚಿಕೊಂಡಿದ್ದರೆ ಕೀಳಬೇಡಿ.
- ನಾಲಿಗೆಯಿಂದ ತೆಗೆಸುವುದು, ಎದೆಹಾಲು, ಹೂವಿನ ರಸ, ಎಣ್ಣೆ ಬೇಡ.
- ಸ್ಟಿರಾಯ್ಡ್ ಇರುವ ಡ್ರಾಪ್ಸ್ ವೈದ್ಯರ ಚೀಟಿ ಇಲ್ಲದೆ ಬೇಡ.
- ಶಿಲೀಂಧ್ರದ ಡ್ರಾಪ್ಸ್ ಪರೀಕ್ಷೆ ಆದ ಮೇಲೆ. ಶುರು ಮಾಡಿದರೆ ಹೇಳಿದಷ್ಟು ದಿನ ಪೂರ್ತಿ.
- ಗದ್ದೆಗೆ ಹೊಡೆಯುವ ಔಷಧಿ ಕಣ್ಣಿಗೆ ಸಿಡಿದರೆ ಅಲ್ಲೇ ಕಾಲು ಗಂಟೆ ನೀರು ಹಾಯಿಸಿ, ಡಬ್ಬಿಯ ಸಮೇತ ಆಸ್ಪತ್ರೆಗೆ.