ಕೋಶಗಳ ‘ಅಂಟು’ ಹದ್ದು ಮೀರಿದರೆ ಕರುಳಿಗೆ ಕುತ್ತು

ದೇಹದ ಜೀವಕೋಶಗಳು ಗೋಡೆಯ ಇಟ್ಟಿಗೆಗಳ ಹಾಗೆ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಕ್ಯಾಡೆರಿನ್ ಜತೆ ಸೇರಿ ಈ ಅಂಟಿನ ಕೆಲಸ ಮಾಡುವ ಪ್ರೋಟೀನ್ ಬೀಟಾ-ಕೆಟೆನಿನ್. ಇದಕ್ಕೆ ಇನ್ನೊಂದು ಡ್ಯೂಟಿಯೂ ಇದೆ: ಕೋಶಕೇಂದ್ರಕ್ಕೆ ಹೋಗಿ, ಕೋಶ ಬೆಳೆಯುವಂತೆ ಮಾಡುವ ಜೀನ್‌ಗಳನ್ನು ಆನ್ ಮಾಡುವುದು.

ಆದರೆ ಸದಾ ಆನ್ ಇದ್ದರೆ ಅಪಾಯ. ಅದಕ್ಕೇ ಹೆಚ್ಚುವರಿ ಬೀಟಾ-ಕೆಟೆನಿನ್‌ ಅನ್ನು ಎಪಿಸಿ ಎಂಬ ಪ್ರೋಟೀನ್ ಇರುವ ತಂಡ ಆಗಿಂದಾಗ್ಗೆ ನಾಶಕ್ಕೆ ಕಳಿಸುತ್ತದೆ. ಎಪಿಸಿ ಜೀನ್ ಕೆಟ್ಟರೆ ತಡೆಯೋರೇ ಇಲ್ಲ. ಕರುಳಿನೊಳಗೆ ಸಣ್ಣ ಗಂಟು ಬೆಳೆದು, ವರ್ಷಗಳ ನಂತರ ಕ್ಯಾನ್ಸರ್ ಆಗಬಹುದು. ದೊಡ್ಡ ಕರುಳಿನ ಬಹುಪಾಲು ಕ್ಯಾನ್ಸರ್‌ಗಳಲ್ಲಿ ಈ ಜೀನ್ ಕೆಟ್ಟಿರುತ್ತದೆ.

ಮಲದಲ್ಲಿ ರಕ್ತ ಕಂಡರೆ ‘ಮೂಲವ್ಯಾಧಿ ಇರಬೇಕು ಬಿಡಿ’ ಅಂತ ಸುಮ್ಮನಾಗದೆ ವೈದ್ಯರಿಗೆ ತೋರಿಸಿ. ಗಂಟು ಇದ್ದಾಗಲೇ ತೆಗೆಸಿದರೆ ಕ್ಯಾನ್ಸರ್ ತಪ್ಪಿಸಬಹುದು.