ಒಂಟಿ ಕಣದ ಬಣ್ಣ

ಬಂಗಾರದ ಬಣ್ಣ ಹಳದಿ ಎಂಬುದು ಎಲ್ಲರೂ ಬಲ್ಲ ಮಾತು. ಆದರೆ ಅದನ್ನು ಅತಿ ಸಣ್ಣ ಕಣಗಳಾಗಿಸಿ ನೀರಿನಲ್ಲಿ ಹರಡಿದರೆ ನೀರು ಮಾಣಿಕ್ಯದಂತೆ ಕೆಂಪಾಗುತ್ತದೆ. ಇಂಥ ಕೆಂಪು ದ್ರವವನ್ನು ಬ್ರಿಟನ್ನಿನ ವಿಜ್ಞಾನಿ ಮೈಕೆಲ್ ಫ್ಯಾರಡೆ 1856ರಲ್ಲಿ ತಯಾರಿಸಿ, ಬಣ್ಣಕ್ಕೆ ಕಾರಣ ಚಿನ್ನದ ಸೂಕ್ಷ್ಮ ಕಣಗಳೇ ಎಂದು ಮರುವರ್ಷ ವಾದಿಸಿದ. ಆತನ ಕೆಲವು ಸೀಸೆಗಳು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಇಂದಿಗೂ ಇವೆ. ಆದರೆ ಕಣವನ್ನು ಮಾತ್ರ ಆತ ಕಾಣಲಿಲ್ಲ. ಬೆಳಕಿನ ಅಲೆಯ ಉದ್ದದ ಸುಮಾರು ಅರ್ಧಕ್ಕಿಂತ ಚಿಕ್ಕದಾದದ್ದರ ಆಕಾರವನ್ನು ಸಾಮಾನ್ಯ ಸೂಕ್ಷ್ಮದರ್ಶಕ ತೋರಿಸಲಾರದು.

ದಾರಿ ಸಿಕ್ಕಿದ್ದು ಜರ್ಮನಿಯ ಯೇನಾ ಊರಿನಲ್ಲಿ. ಹೆಂಚಿನ ಮನೆಯ ಬೆಳಕಿಂಡಿಯಿಂದ ಇಳಿಯುವ ಬಿಸಿಲಕೋಲನ್ನು ನೆನೆಯಿರಿ. ಬೇರೆ ಹೊತ್ತಿನಲ್ಲಿ ಕಾಣದ ಧೂಳು ಅದರಲ್ಲಿ ಮಿನುಗುತ್ತದೆ. ಹಿಂದೆ ಕತ್ತಲು, ಪಕ್ಕದಿಂದ ಬೆಳಕು, ಅಷ್ಟೆ. ರಿಚರ್ಡ್ ಜಿಗ್ಮಾಂಡಿ ಮತ್ತು ಜೈಸ್ ಕಂಪನಿಯ ಹೆನ್ರಿ ಸೀಡೆನ್‌ಟಾಫ್ 1903ರಲ್ಲಿ ಪ್ರಕಟಿಸಿದ ಅತಿಸೂಕ್ಷ್ಮದರ್ಶಕದ ಗುಟ್ಟೂ ಇದೇ. ಚಿನ್ನದ ಕಣಗಳು ಕತ್ತಲಲ್ಲಿ ಒಂದೊಂದು ಚುಕ್ಕೆಯಾಗಿ ಹೊಳೆದವು. ಆಕಾರ ತಿಳಿಯದು, ಇರವು ತಿಳಿಯಿತು. ಇಂಥ ದ್ರಾವಣಗಳ ಅಧ್ಯಯನಕ್ಕಾಗಿ ಜಿಗ್ಮಾಂಡಿಗೆ 1925ನೇ ಸಾಲಿನ ರಸಾಯನಶಾಸ್ತ್ರದ ನೊಬೆಲ್ ಬಂತು.

ಬಣ್ಣ ಬದಲಾಗುವುದೇಕೆ? ಬೆಳಕು ತಾಕಿದಾಗ ಕಣದೊಳಗಿನ ಇಲೆಕ್ಟ್ರಾನುಗಳು ಒಟ್ಟಾಗಿ ಅತ್ತಿತ್ತ ತೂಗುತ್ತವೆ. ಉಯ್ಯಾಲೆಯನ್ನು ಅದರ ಲಯಕ್ಕೆ ತಕ್ಕಂತೆ ತಳ್ಳಿದರೆ ಜೋರಾಗಿ ಜೀಕುವ ಹಾಗೆ, ಒಂದು ಬಣ್ಣದ ಬೆಳಕಿಗೆ ಮಾತ್ರ ಈ ತೂಗಾಟ ಬಲವಾಗುತ್ತದೆ. ಚಿನ್ನದ ಪುಟ್ಟ ಗುಂಡು ಹಸಿರನ್ನು ಹೀರುತ್ತದೆ. ಉಳಿದು ಬರುವುದು ಕೆಂಪು. ಗುಂಡಾದ ಕಣದ ಪೂರ್ಣ ಲೆಕ್ಕವನ್ನು ಗುಸ್ತಾವ್ ಮೀ 1908ರಲ್ಲೇ ಕೊಟ್ಟಿದ್ದ.

ಆದರೆ ಎಲ್ಲ ಕಣಗಳೂ ಗುಂಡಾಗಿರುವುದಿಲ್ಲ. ಸೀಸೆಯ ಬಣ್ಣವೆಂದರೆ ಕೋಟಿಗಟ್ಟಲೆ ಕಣಗಳ ಸರಾಸರಿ. ಜಾತ್ರೆಯ ಗದ್ದಲ ಕೇಳಿ ಒಬ್ಬನ ದನಿ ಗುರುತಿಸಲು ಹೊರಟಂತೆ! ಅದಕ್ಕೇ ಒಂಟಿ ಕಣದ ಬೆನ್ನು ಹತ್ತಬೇಕಾಯಿತು. 2002ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಬೆಳ್ಳಿಯ ಕಣಗಳ ಬಣ್ಣವನ್ನು ಮೊದಲು ಕತ್ತಲ ಹಿನ್ನೆಲೆಯಲ್ಲಿ ಗುರುತಿಸಿ, ಅವೇ ಕಣಗಳನ್ನು ಹುಡುಕಿ ಇಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಲಾಯಿತು. ನೀಲಿಯಾಗಿ ಹೊಳೆದದ್ದು ಗುಂಡು, ಕೆಂಪಾಗಿ ಹೊಳೆದದ್ದು ತ್ರಿಕೋನ. ಲೋಹ ಒಂದೇ, ಬೆಳಕೂ ಒಂದೇ, ಬೇರೆಯಾದದ್ದು ಆಕಾರ.

ಕಣದ ಮೈಗೆ ಬೇರೆ ಅಣುಗಳು ಅಂಟಿದರೂ ಬಣ್ಣ ತುಸು ಜರುಗುತ್ತದೆ. ರಕ್ತದಲ್ಲಿ ತೀರ ಕಡಿಮೆ ಇರುವ ರೋಗಸೂಚಕ ಪ್ರೋಟೀನನ್ನು ಈ ಜರುಗಿನಿಂದ ಪತ್ತೆಮಾಡಬಹುದೇ ಎಂದು ಪ್ರಯೋಗಾಲಯಗಳು ಹುಡುಕುತ್ತಿವೆ. ಅಲ್ಲಿಯೂ ಕಣ್ಣಿಟ್ಟಿರುವುದು ಕತ್ತಲಲ್ಲಿ ಹೊಳೆಯುವ ಆ ಒಂದೊಂದು ಚುಕ್ಕೆಯ ಮೇಲೆಯೇ.