ಕಾರಿಗೊಂದು, ನಿಮಗೊಂದು: ಎರಡು ಏರ್ ಫಿಲ್ಟರ್

ಒಂದು ಲೀಟರ್ ಪೆಟ್ರೋಲ್ ಉರಿಸೋಕೆ ನಿಮ್ಮ ಚಿಕ್ಕ ಕಾರು ಎಷ್ಟು ಗಾಳಿ ಎಳ್ಕೊಳ್ಳುತ್ತೆ ಗೊತ್ತಾ? ಸುಮಾರು 9,000 ಲೀಟರ್! ಆ ಗಾಳಿ ಜೊತೆ ಧೂಳೂ ಒಳಗೆ ಹೋದ್ರೆ ಪಿಸ್ಟನ್ ರಿಂಗ್, ಸಿಲಿಂಡರ್ ಸವೀತಾ ಬರುತ್ತೆ. ಅದನ್ನ ತಡೆಯೋದು ಬಾನೆಟ್ ಕೆಳಗಿನ ಕಪ್ಪು ಡಬ್ಬದಲ್ಲಿರೋ ಮಡಿಕೆ ಮಡಿಕೆ ಕಾಗದದ ಫಿಲ್ಟರ್.

ಎಂಜಿನ್ ಆಫ್ ಮಾಡಿ, ಕ್ಲಿಪ್ ಬಿಚ್ಚಿ, ಹೊರಗೆ ತೆಗೀರಿ. ಮಡಿಕೆ ಸ್ವಲ್ಪ ಅಗಲಿಸಿ ಬೆಳಕಿಗೆ ಹಿಡೀರಿ. ಒಣಗಿದ ಎಲೆ, ಸತ್ತ ಹುಳ ಇದ್ರೆ ಮೆಲ್ಲಗೆ ತಟ್ಟಿ ಉದುರಿಸಿ. ನೀರಲ್ಲಿ ಮಾತ್ರ ತೊಳೀಲೇಬೇಡಿ! ಪಂಕ್ಚರ್ ಅಂಗಡಿಯಲ್ಲಿ ಜೋರಾಗಿ ಏರ್ ಹೊಡೆಸೋದೂ ಬೇಡ. ಕಾಗದದಲ್ಲಿ ಸಣ್ಣ ತೂತಾದ್ರೂ ಧೂಳು ಸೀದಾ ಎಂಜಿನ್ನಿಗೇ. ಬೆಳಕೇ ಕಾಣದಷ್ಟು ಕಪ್ಪಾಗಿದ್ರೆ ಹೊಸದು ಹಾಕಿ.

ಫಿಲ್ಟರ್ ಬದಲಿಸಿದ್ರೆ ಮೈಲೇಜ್ ಏರುತ್ತೆ ಅಂತಾರಲ್ಲ, ಅದು ಕಾರ್ಬುರೇಟರ್ ಕಾಲದ ಮಾತು. ಈಗಿನ ಇಂಜೆಕ್ಷನ್ ಕಾರಲ್ಲಿ ಗಾಳಿ ಕಮ್ಮಿಯಾದ್ರೆ ಎಂಜಿನ್ನಿನ ಕಂಪ್ಯೂಟರ್ (ಇಸಿಯು) ಪೆಟ್ರೋಲನ್ನೂ ಕಮ್ಮಿ ಮಾಡುತ್ತೆ. ಹೊಡೆತ ಬೀಳೋದು ಪಿಕಪ್‌ಗೆ. ನಾಲ್ಕು ಜನ ಕೂತು ಚಾರ್ಮಾಡಿ ಘಾಟಿ ಹತ್ತುವಾಗ ಚೆನ್ನಾಗಿ ಗೊತ್ತಾಗುತ್ತೆ.

ಇನ್ನೊಂದು ಕ್ಯಾಬಿನ್ ಫಿಲ್ಟರ್. ನೀವು, ಮಕ್ಕಳು ಉಸಿರಾಡೋ ಗಾಳಿ ಸೋಸೋದು ಇದೇ. ಹೆಚ್ಚಿನ ಕಾರುಗಳಲ್ಲಿ ಗ್ಲೋವ್ ಬಾಕ್ಸ್ ಹಿಂದೆ ಇರುತ್ತೆ. ಎಸಿ ಗಾಳಿ ಕಮ್ಮಿಯಾಯ್ತಾ, ಮುಗ್ಗಲು ವಾಸನೆ ಬರ್ತಿದೆಯಾ? ಮೊದಲು ಇದನ್ನ ನೋಡಿ. ಹೊಸದು ಹಾಕುವಾಗ ಅಂಚಲ್ಲಿರೋ ಬಾಣದ ಗುರುತು ಗಾಳಿ ಹರಿಯೋ ದಿಕ್ಕಿಗೇ ಇರಲಿ. ಕೆಲವು ಬೇಸಿಕ್ ಮಾಡೆಲ್‌ಗಳಲ್ಲಿ ಈ ಫಿಲ್ಟರ್ ಇರೋದೇ ಇಲ್ಲ, ಕೇಳಿ ಹಾಕಿಸ್ಕೊಳ್ಳಿ.

ಎಷ್ಟು ಕಿಲೋಮೀಟರಿಗೆ ಬದಲಿಸ್ಬೇಕು ಅನ್ನೋದು ನಿಮ್ಮ ಕಾರಿನ ಮ್ಯಾನ್ಯುಯಲ್‌ನಲ್ಲೇ ಇದೆ. ದಿನಾ ಮಣ್ಣು ರಸ್ತೇಲಿ, ಜಲ್ಲಿ ಲಾರಿಗಳ ಹಿಂದೆ ಓಡಾಡೋರು ಅದಕ್ಕಿಂತ ಮುಂಚೆನೇ ಬದಲಿಸಿ.